ಪರಮಾಣು ವಿಷಗಳೂ ದೇಹದ ಪ್ರೋಟೀನುಗಳೂ

ವಿಕಿರಣಶೀಲ ಧಾತುಗಳು ದೇಹದೊಳಗೆ ಸೇರಿದಾಗ ಎಲ್ಲಿಗೆ ಹೋಗುತ್ತವೆ, ಯಾವ ಅಂಗದಲ್ಲಿ ನೆಲೆಸುತ್ತವೆ, ಎಂಥ ಹಾನಿ ಮಾಡುತ್ತವೆ, ಅವುಗಳನ್ನು ಹೊರಹಾಕುವ ದಾರಿ ಯಾವುದು ಎಂಬುದನ್ನು ಅಭ್ಯಸಿಸುವ ಶಾಸ್ತ್ರಕ್ಕೆ ಪರಮಾಣು ವಿಷವಿಜ್ಞಾನ ಎಂದು ಹೆಸರು. ಯುರೇನಿಯಂ, ಪ್ಲುಟೋನಿಯಂ, ಥೋರಿಯಂ, ಅಮೆರಿಸಿಯಂ, ರೇಡಿಯಂ, ಸೀಸಿಯಂ, ಅಯೋಡಿನ್ ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಉಸಿರು, ಆಹಾರ, ನೀರು, ಗಾಯ ಯಾವುದರ ಮೂಲಕ ಬಂದರೂ ಇವು ಒಂದೇ ಹಾದಿ ಹಿಡಿಯುವುದಿಲ್ಲ. ಅಯೋಡಿನ್ ಥೈರಾಯ್ಡ್ ಗ್ರಂಥಿಯನ್ನು ಸೇರುತ್ತದೆ. ಪ್ಲುಟೋನಿಯಂ ಯಕೃತ್ತು ಮತ್ತು ಮೂಳೆಗಳಲ್ಲಿ ನಿಲ್ಲುತ್ತದೆ. ಯುರೇನಿಯಂ ಮೂತ್ರಪಿಂಡವನ್ನು ಮುಟ್ಟಿ ಮೂಳೆಗೂ ಹೋಗುತ್ತದೆ. ಸೀಸಿಯಂ ಸ್ನಾಯುಗಳಲ್ಲೆಲ್ಲ ಹರಡಿಕೊಳ್ಳುತ್ತದೆ. ಈ ವ್ಯತ್ಯಾಸಕ್ಕೆ ವಿಕಿರಣ ಕಾರಣವಲ್ಲ. ಆಯಾ ಧಾತುವಿನ ರಸಾಯನ ಗುಣವೂ ಅದಕ್ಕೆ ಎದುರಾಗುವ ಪ್ರೋಟೀನುಗಳೂ ಸೇರಿ ಅದರ ಗತಿಯನ್ನು ತೀರ್ಮಾನಿಸುತ್ತವೆ. ಹೀಗಾಗಿ ಭೌತವಿಜ್ಞಾನಿಗಳ ಕೈಯಲ್ಲಿ ಶುರುವಾದ ಈ ಶಾಸ್ತ್ರ ಈಗ ಹೆಚ್ಚುಹೆಚ್ಚಾಗಿ ಜೀವರಸಾಯನಶಾಸ್ತ್ರದ ವಿಷಯವಾಗಿದೆ.

ಎರಡು ಬಗೆಯ ಹಾನಿ

ವಿಕಿರಣಶೀಲ ಲೋಹ ಎರಡು ರೀತಿಯಲ್ಲಿ ವಿಷವಾಗಬಲ್ಲದು. ಅದು ಹೊರಸೂಸುವ ಆಲ್ಫಾ, ಬೀಟಾ ಕಣಗಳು ಸುತ್ತಲಿನ ಜೀವಕೋಶಗಳ ಡಿಎನ್‌ಎಯನ್ನು ಕತ್ತರಿಸುತ್ತವೆ, ನೀರಿನ ಅಣುಗಳನ್ನು ಒಡೆದು ಉಗ್ರ ಕ್ರಿಯಾಶೀಲ ತುಣುಕುಗಳನ್ನು ಹುಟ್ಟಿಸುತ್ತವೆ. ಇದು ವಿಕಿರಣದ ಹಾನಿ. ಲೋಹದ ಅಯಾನು ತಾನೇ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುವುದು ರಾಸಾಯನಿಕ ಹಾನಿ.

ಯಾವುದು ಮೇಲುಗೈ ಪಡೆಯುತ್ತದೆ ಎಂಬುದು ಧಾತುವಿನ ಅರ್ಧಾಯುಷ್ಯವನ್ನು, ಅಂದರೆ ಅದರ ಪರಮಾಣುಗಳಲ್ಲಿ ಅರ್ಧದಷ್ಟು ಒಡೆಯಲು ಬೇಕಾದ ಕಾಲವನ್ನು, ಅವಲಂಬಿಸಿದೆ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಅದರ ಒಂದು ಗ್ರಾಮಿನಲ್ಲಿ ಸೆಕೆಂಡಿಗೆ ಒಡೆಯುವ ಪರಮಾಣುಗಳು ಸುಮಾರು 12,400 ಮಾತ್ರ. ಪ್ಲುಟೋನಿಯಂ-239ರ ಅರ್ಧಾಯುಷ್ಯ ಸುಮಾರು 24,100 ವರ್ಷ. ಅದರ ಒಂದು ಗ್ರಾಮಿನಲ್ಲಿ ಸೆಕೆಂಡಿಗೆ 200 ಕೋಟಿಗೂ ಹೆಚ್ಚು ಪರಮಾಣುಗಳು ಒಡೆಯುತ್ತವೆ. ಆದ್ದರಿಂದ ನೈಸರ್ಗಿಕ ಯುರೇನಿಯಂ ಮುಖ್ಯವಾಗಿ ಸೀಸ, ಕ್ಯಾಡ್ಮಿಯಂಗಳಂತೆ ಭಾರಲೋಹದ ವಿಷ. ಪ್ಲುಟೋನಿಯಂನ ಅಪಾಯವಾದರೋ ಬಹುಮಟ್ಟಿಗೆ ಅದರ ವಿಕಿರಣದಿಂದ ಬರುವಂಥದ್ದು. ಆದರೆ ಆ ವಿಕಿರಣ ಯಾವ ಅಂಗಾಂಶದ ಮೇಲೆ ಬೀಳಬೇಕೆಂಬುದನ್ನು ಅಲ್ಲಿಯೂ ರಸಾಯನವೇ ಗೊತ್ತುಮಾಡುತ್ತದೆ. ಆಲ್ಫಾ ಕಣ ಅಂಗಾಂಶದಲ್ಲಿ ಮಿಲಿಮೀಟರಿನ ಕೆಲವೇ ಶತಾಂಶದಷ್ಟು ದೂರ ಸಾಗಿ ನಿಂತುಬಿಡುತ್ತದೆ. ಅದನ್ನು ಸೂಸುವ ಪರಮಾಣು ಎಲ್ಲಿ ನಿಂತಿದೆಯೋ ಅಲ್ಲೇ ಅದರ ಹಾನಿ.

ಈ ತಿಳಿವಿಗೆ ತೆತ್ತ ಬೆಲೆ

ಯುರೇನಿಯಂ ಪತ್ತೆಯಾದದ್ದು 1789ರಲ್ಲಿ, ಜರ್ಮನಿಯ ರಸಾಯನವಿಜ್ಞಾನಿ ಮಾರ್ಟಿನ್ ಕ್ಲಾಪ್ರೋಟ್ ಅವರಿಂದ. ಅದರ ವಿಕಿರಣವನ್ನು ಆಂರಿ ಬೆಕೆರೆಲ್ ಕಂಡದ್ದು 1896ರಲ್ಲಿ. ಈ ನಡುವಿನ ನೂರು ವರ್ಷಗಳಲ್ಲಿಯೇ ಯುರೇನಿಯಂ ಲವಣಗಳು ಪ್ರಾಣಿಗಳ ಮೂತ್ರಪಿಂಡವನ್ನು ಕೆಡಿಸುತ್ತವೆ ಎಂದು ವೈದ್ಯರು ಅರಿತಿದ್ದರು. ಹಾಗಿದ್ದೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಕ್ಕರೆ ಕಾಯಿಲೆಗೆ ಮದ್ದೆಂದು ಯುರೇನಿಯಂ ನೈಟ್ರೇಟನ್ನು ಕೊಟ್ಟು ನೋಡಿದ್ದುಂಟು.

ಇಪ್ಪತ್ತನೆಯ ಶತಮಾನದ ಮೊದಲ ದೊಡ್ಡ ಪಾಠ ರೇಡಿಯಂನಿಂದ ಬಂತು. ಅಮೆರಿಕದ ನ್ಯೂಜೆರ್ಸಿ ಮೊದಲಾದ ಕಡೆ ಗಡಿಯಾರದ ಮುಖಗಳಿಗೆ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡುತ್ತಿದ್ದರು. ಹಾಗೆ ಮಾಡಲು ಅವರಿಗೆ ಕಲಿಸಲಾಗಿತ್ತು. ನುಂಗಿದ ರೇಡಿಯಂ ಕ್ಯಾಲ್ಸಿಯಂನ ಜಾಗದಲ್ಲಿ ಮೂಳೆಗೆ ಸೇರಿತು. ದವಡೆ ಕೊಳೆಯಿತು, ರಕ್ತಹೀನತೆ ಬಂತು, ಮೂಳೆಯ ಕ್ಯಾನ್ಸರ್ ತಲೆದೋರಿತು. 1925ರಲ್ಲಿ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ರೇಡಿಯಂಗೂ ಈ ಕಾಯಿಲೆಗೂ ಇರುವ ನಂಟನ್ನು ದಾಖಲಿಸಿದರು. ಐವರು ಮಹಿಳೆಯರು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಮೂಳೆಗೆ ಸೇರುವ ಧಾತುಗಳಿಗೆ ಮುಂದೆ ನಿಗದಿಯಾದ ಸುರಕ್ಷತಾ ಮಿತಿಗಳ ಹಿಂದೆ ಈ ಕಾರ್ಮಿಕರ ಸಂಕಟವಿದೆ.

ಎರಡನೆಯ ಮಹಾಯುದ್ಧದ ಅಣುಬಾಂಬ್ ಯೋಜನೆಯಲ್ಲಿ ಪರಮಾಣು ವಿಷವಿಜ್ಞಾನ ಒಂದು ಶಿಸ್ತಾಗಿ ರೂಪುಗೊಂಡಿತು. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಯುರೇನಿಯಂ ಸಂಯುಕ್ತಗಳ ಮೇಲೆ ವಿಸ್ತಾರವಾದ ಪ್ರಾಣಿಪ್ರಯೋಗಗಳು ನಡೆದವು. ಆದರೆ ಅದೇ ಕಾಲದಲ್ಲಿ, 1945ರಿಂದ 1947ರ ನಡುವೆ, ಅಮೆರಿಕದ ಆಸ್ಪತ್ರೆಗಳಲ್ಲಿ 18 ರೋಗಿಗಳ ದೇಹಕ್ಕೆ ಪ್ಲುಟೋನಿಯಂ ಚುಚ್ಚಲಾಯಿತು. ತಮಗೆ ಕೊಡುತ್ತಿರುವುದು ಏನೆಂದು ಅವರಿಗೆ ತಿಳಿಸಿ ಒಪ್ಪಿಗೆ ಪಡೆದಿರಲಿಲ್ಲ. ಅವರ ಮಲಮೂತ್ರಗಳನ್ನು ಅಳೆದು ದೊರೆತ ಅಂಕಿಅಂಶಗಳೇ ಕಾರ್ಮಿಕರ ದೇಹದಲ್ಲಿರುವ ಪ್ಲುಟೋನಿಯಂ ಅಂದಾಜಿಸುವ ಸೂತ್ರಗಳಿಗೆ ಹಲವು ದಶಕ ಆಧಾರವಾದವು. 1995ರಲ್ಲಿ ವಿಚಾರಣಾ ಸಮಿತಿಯ ವರದಿ ಬಂದ ಮೇಲೆ ಅಂದಿನ ಅಧ್ಯಕ್ಷ ಬಿಲ್ ಕ್ಲಿಂಟನ್ ಇಂಥ ಪ್ರಯೋಗಗಳಿಗಾಗಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಈ ಮಾಹಿತಿ ಉಪಯುಕ್ತವಾಯಿತು ಎಂಬ ಮಾತು ಅದನ್ನು ಪಡೆದ ರೀತಿಗೆ ಸಮರ್ಥನೆಯಾಗದು. ಇಂದಿನ ಸಂಶೋಧನೆ ಪ್ರೋಟೀನುಗಳನ್ನೂ ಕೃಷಿ ಮಾಡಿದ ಜೀವಕೋಶಗಳನ್ನೂ ನೆಚ್ಚಿಕೊಂಡಿರುವುದರ ನೈತಿಕ ಮಹತ್ವವೂ ಇಲ್ಲೇ ಇದೆ.

ಪ್ಲುಟೋನಿಯಂ ಮತ್ತು ಕಬ್ಬಿಣದ ವಾಹಕ

ರಕ್ತಕ್ಕೆ ಸೇರಿದ ಪ್ಲುಟೋನಿಯಂನ ಐದರಲ್ಲಿ ನಾಲ್ಕು ಪಾಲಿನಷ್ಟು ಯಕೃತ್ತು ಮತ್ತು ಅಸ್ಥಿಪಂಜರಕ್ಕೆ ಹೋಗುತ್ತದೆ. ಯಕೃತ್ತಿನಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 20 ವರ್ಷ, ಮೂಳೆಯಲ್ಲಿ ಸುಮಾರು 50 ವರ್ಷ ಬೇಕೆಂದು ಅಂದಾಜು. ಪ್ರಕೃತಿಯಲ್ಲಿ ಇಲ್ಲವೆನ್ನುವಷ್ಟು ವಿರಳವಾದ, ಜೀವಿಗಳಿಗೆ ಪರಿಚಯವೇ ಇಲ್ಲದ ಈ ಲೋಹವನ್ನು ದೇಹ ಇಷ್ಟು ಬಿಗಿಯಾಗಿ ಹಿಡಿದಿಟ್ಟುಕೊಳ್ಳಲು ಕಾರಣ ಅದು ಕಬ್ಬಿಣವನ್ನು ಹೋಲುವುದು.

ರಕ್ತದಲ್ಲಿ ಕಬ್ಬಿಣವನ್ನು ಹೊತ್ತೊಯ್ಯುವ ಪ್ರೋಟೀನು ಟ್ರಾನ್ಸ್‌ಫೆರಿನ್. 679 ಅಮೈನೋ ಆಮ್ಲಗಳ ಈ ಪ್ರೋಟೀನಿಗೆ ಎರಡು ಹಾಲೆಗಳು, ಒಂದೊಂದರಲ್ಲೂ ಒಂದು ಕಬ್ಬಿಣದ ಅಯಾನಿಗೆ ತಾಣ. ಆ ತಾಣದಲ್ಲಿ ಎರಡು ಟೈರೋಸಿನ್, ಒಂದು ಆಸ್ಪಾರ್ಟೇಟ್, ಒಂದು ಹಿಸ್ಟಿಡಿನ್ ಇದ್ದು, ಜೊತೆಗೆ ಒಂದು ಕಾರ್ಬೊನೇಟ್ ಅಯಾನು ಸೇರಿ ಲೋಹವನ್ನು ಹಿಡಿಯುತ್ತವೆ. ಆರೋಗ್ಯವಂತರಲ್ಲಿ ಈ ತಾಣಗಳ ಮೂರನೆಯ ಒಂದು ಭಾಗ ಮಾತ್ರ ಕಬ್ಬಿಣದಿಂದ ತುಂಬಿರುತ್ತದೆ, ಉಳಿದವು ಖಾಲಿ. ನಾಲ್ಕು ಧನ ವಿದ್ಯುದಂಶಗಳ ಪ್ಲುಟೋನಿಯಂ ಅಯಾನು ಮೂರು ಧನ ವಿದ್ಯುದಂಶಗಳ ಕಬ್ಬಿಣಕ್ಕಿಂತ ದೊಡ್ಡದು ನಿಜ, ಆದರೆ ವಿದ್ಯುದಂಶಕ್ಕೂ ಗಾತ್ರಕ್ಕೂ ಇರುವ ಅನುಪಾತ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಖಾಲಿ ತಾಣದಲ್ಲಿ ಅದು ಹೋಗಿ ಕೂರುತ್ತದೆ.

ರಕ್ತದಲ್ಲಿ ಟ್ರಾನ್ಸ್‌ಫೆರಿನ್‌ಗೆ ಅಂಟಿದ ಮಾತ್ರಕ್ಕೆ ಲೋಹ ಜೀವಕೋಶದೊಳಗೆ ಹೋಗುವುದಿಲ್ಲ. ಕೋಶದ ಹೊರಮೈಯಲ್ಲಿರುವ ಗ್ರಾಹಕ ಪ್ರೋಟೀನು ಅದನ್ನು ಗುರುತಿಸಬೇಕು. ಕಬ್ಬಿಣ ತುಂಬಿದಾಗ ಟ್ರಾನ್ಸ್‌ಫೆರಿನ್‌ನ ಹಾಲೆಗಳು ಮುಚ್ಚಿಕೊಳ್ಳುತ್ತವೆ, ಆ ಮುಚ್ಚಿದ ಆಕಾರವನ್ನೇ ಗ್ರಾಹಕ ಒಪ್ಪುತ್ತದೆ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ತಂಡ 2011ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ಮಹತ್ವದ್ದು. ಎರಡೂ ಹಾಲೆಗಳಲ್ಲಿ ಪ್ಲುಟೋನಿಯಂ ಇದ್ದರೆ ಪ್ರೋಟೀನು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಗ್ರಾಹಕ ಅದನ್ನು ಒಳಗೆ ಬಿಡುವುದಿಲ್ಲ. ಒಂದು ಹಾಲೆಯಲ್ಲಿ ಕಬ್ಬಿಣ, ಇನ್ನೊಂದು ನಿರ್ದಿಷ್ಟ ಹಾಲೆಯಲ್ಲಿ ಪ್ಲುಟೋನಿಯಂ ಇದ್ದಾಗ ಮಾತ್ರ ಆಕಾರ ಸಾಕಷ್ಟು ಹೊಂದಿ ಪ್ಲುಟೋನಿಯಂ ಒಳಹೊಗುತ್ತದೆ. ದೇಹದ ಗುರುತಿಸುವ ವ್ಯವಸ್ಥೆ ಲೋಹದ ಜಾತಿಯನ್ನು ನೋಡುವುದಿಲ್ಲ, ಲೋಹ ಪ್ರೋಟೀನಿಗೆ ಕೊಡುವ ಆಕಾರವನ್ನು ನೋಡುತ್ತದೆ ಎಂಬುದು ಇದರಿಂದ ಖಚಿತವಾಯಿತು.

ಥೋರಿಯಂ ಕೂಡ ನಾಲ್ಕು ಧನ ವಿದ್ಯುದಂಶಗಳ ಅಯಾನು. ಕಳೆದ ಶತಮಾನದ ಮಧ್ಯದವರೆಗೆ ಎಕ್ಸ್‌ರೇ ಚಿತ್ರ ಸ್ಪಷ್ಟವಾಗಿ ಮೂಡಲೆಂದು ಥೋರೋಟ್ರಾಸ್ಟ್ ಎಂಬ, ಥೋರಿಯಂ ಡೈಆಕ್ಸೈಡ್ ಕಣಗಳು ತೇಲುವ ದ್ರವವನ್ನು ರೋಗಿಗಳಿಗೆ ಚುಚ್ಚಲಾಗುತ್ತಿತ್ತು. ಅದು ಯಕೃತ್ತು, ಗುಲ್ಮಗಳಲ್ಲಿ ಬದುಕಿಡೀ ಉಳಿದು, ದಶಕಗಳ ನಂತರ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಯಿತು. ಕೇರಳ, ತಮಿಳುನಾಡುಗಳ ಕರಾವಳಿಯ ಮೊನಜೈಟ್ ಮರಳಿನಲ್ಲಿ ಥೋರಿಯಂನ ದೊಡ್ಡ ನಿಕ್ಷೇಪವಿರುವ ಭಾರತಕ್ಕೆ ಇದರ ವಿಷಗುಣ ಸ್ವಂತ ಪ್ರಶ್ನೆ. ಥೋರಿಯಂ ಕೆಂಪು ರಕ್ತಕಣಗಳ ಹೊರಪೊರೆಯ ಗ್ಲೈಕೋಫೋರಿನ್ ಪ್ರೋಟೀನಿನೊಂದಿಗೆ ಬೆರೆತು ಕಣಗಳು ಗುಂಪುಗೂಡುವಂತೆಯೂ ಒಡೆಯುವಂತೆಯೂ ಮಾಡುವ ಬಗೆಯನ್ನು ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರಿಶೀಲಿಸಿದ್ದಾರೆ.

ಯುರೇನಿಯಂ: ಮೂತ್ರಪಿಂಡ ಮತ್ತು ಮೂಳೆ

ದೇಹದೊಳಗೆ ಯುರೇನಿಯಂ ಒಂಟಿ ಅಯಾನಾಗಿ ಇರುವುದಿಲ್ಲ. ಎರಡು ಆಮ್ಲಜನಕ ಪರಮಾಣುಗಳ ನಡುವೆ ನೇರ ಸಾಲಿನಲ್ಲಿ ನಿಂತು ಯುರೇನೈಲ್ ಅಯಾನಾಗಿರುತ್ತದೆ. ಮೇಲೆ, ಕೆಳಗೆ ಆಮ್ಲಜನಕ ಇರುವುದರಿಂದ ಬೇರೆ ಅಣುಗಳು ಅದರ ನಡುಪಟ್ಟಿಯಲ್ಲಿ ಮಾತ್ರ ಹಿಡಿಯಲು ಸಾಧ್ಯ. ಅಲ್ಲಿ ಐದಾರು ಹಿಡಿತಗಳಿಗೆ ಎಡೆಯಿದೆ. ಕಾರ್ಬೊನೇಟ್, ಫಾಸ್ಫೇಟ್ ಮತ್ತು ಪ್ರೋಟೀನುಗಳ ಆಮ್ಲೀಯ ಗುಂಪುಗಳು ಇದಕ್ಕೆ ಹೆಚ್ಚು ಒಗ್ಗುತ್ತವೆ.

ನುಂಗಿದ ಯುರೇನಿಯಂನಲ್ಲಿ ರಕ್ತಕ್ಕೆ ಸೇರುವುದು ಶೇ. 1–2ರಷ್ಟು. ರಕ್ತದಲ್ಲಿ ಅದರ ಒಂದು ಪಾಲು ಬೈಕಾರ್ಬೊನೇಟ್‌ನೊಂದಿಗೆ, ಇನ್ನೊಂದು ಪಾಲು ಟ್ರಾನ್ಸ್‌ಫೆರಿನ್, ಆಲ್ಬುಮಿನ್ ಮೊದಲಾದ ಪ್ರೋಟೀನುಗಳೊಂದಿಗೆ ಇರುತ್ತದೆ. ಬೈಕಾರ್ಬೊನೇಟ್ ಜೊತೆಗಿನದು ಮೂತ್ರಪಿಂಡದಲ್ಲಿ ಸೋಸಿಹೋಗುತ್ತದೆ. ರಕ್ತಕ್ಕೆ ಬಂದುದರ ಮೂರನೆಯ ಎರಡು ಭಾಗದಷ್ಟು ಒಂದೇ ದಿನದಲ್ಲಿ ಮೂತ್ರದಲ್ಲಿ ಹೊರಬೀಳುತ್ತದೆ. ಅಪಾಯ ಇರುವುದೂ ಈ ಹಾದಿಯಲ್ಲೇ. ಮೂತ್ರನಾಳಿಕೆಗಳಲ್ಲಿ ಆಮ್ಲೀಯತೆ ಹೆಚ್ಚಿದಂತೆ ಬೈಕಾರ್ಬೊನೇಟ್ ಕೈಬಿಡುತ್ತದೆ, ಬಿಡುಗಡೆಯಾದ ಯುರೇನೈಲ್ ನಾಳಿಕೆಯ ಒಳಗೋಡೆಯ ಕೋಶಗಳಿಗೆ ಅಂಟುತ್ತದೆ. ಪೆಟ್ಟು ಬಿದ್ದ ಕೋಶಗಳು ಸಣ್ಣ ಪ್ರೋಟೀನುಗಳನ್ನು ಮರಳಿ ಹೀರಿಕೊಳ್ಳಲಾರವು. ಬೀಟಾ-2 ಮೈಕ್ರೋಗ್ಲೋಬ್ಯುಲಿನ್‌ನಂಥವು ಮೂತ್ರದಲ್ಲಿ ಕಾಣಿಸಿಕೊಳ್ಳುವುದು ಇಂಥ ಹಾನಿಯ ಮೊದಲ ಸೂಚನೆಗಳಲ್ಲೊಂದು. ಯುರೇನಿಯಂ ಹೆಚ್ಚು ಸೇರಿದವರಿಗೆ ಸೋಡಿಯಂ ಬೈಕಾರ್ಬೊನೇಟ್ ಕೊಡುವ ಚಿಕಿತ್ಸೆಯ ತರ್ಕವೂ ಇದೇ: ಮೂತ್ರ ಕ್ಷಾರೀಯವಾದರೆ ಯುರೇನೈಲ್ ಬಿಡುಗಡೆಯಾಗದೆ ಹೊರಹೋಗುತ್ತದೆ.

ಹೊರಹೋಗದೆ ಉಳಿದದ್ದರ ಬಹುಪಾಲು ಮೂಳೆಗೆ ಸೇರುತ್ತದೆ. ಮೂಳೆಯ ಖನಿಜ ಭಾಗವೇ ಯುರೇನೈಲನ್ನು ಸೆಳೆಯುತ್ತದೆ ಎಂದು ಹಿಂದೆ ನಂಬಲಾಗಿತ್ತು. ಫ್ರಾನ್ಸಿನ ಪರಮಾಣು ಶಕ್ತಿ ಆಯೋಗ 2000ದ ದಶಕದಲ್ಲಿ ಕೈಗೊಂಡ ಪರಮಾಣು ವಿಷವಿಜ್ಞಾನ ಕಾರ್ಯಕ್ರಮ ಈ ಚಿತ್ರವನ್ನು ವಿಸ್ತರಿಸಿತು. ಆಯೋಗದ ಮಾರ್ಕೂಲ್ ಪ್ರಯೋಗಾಲಯಗಳಲ್ಲಿ ರಕ್ತದ ಪ್ರೋಟೀನುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಪ್ರಮಾಣದಲ್ಲಿ ಕಡಿಮೆಯಿದ್ದರೂ ಯುರೇನೈಲನ್ನು ಟ್ರಾನ್ಸ್‌ಫೆರಿನ್‌ಗಿಂತ ಬಿಗಿಯಾಗಿ ಹಿಡಿಯುವ ಪ್ರೋಟೀನುಗಳು ಸಿಕ್ಕವು. ಫೆಟುಯಿನ್-ಎ ಅವುಗಳಲ್ಲಿ ಮುಖ್ಯವಾದುದು. ಫಾಸ್ಫೇಟ್ ಗುಂಪುಗಳು ತುಂಬಿರುವ ಆಸ್ಟಿಯೋಪಾಂಟಿನ್ ಸಹ ಹಾಗೆಯೇ. ಎರಡೂ ಮೂಳೆಯ ಖನಿಜೀಕರಣಕ್ಕೆ ಸಂಬಂಧಿಸಿದ ಪ್ರೋಟೀನುಗಳು. ಅಂದರೆ ಯುರೇನಿಯಂ ಮೂಳೆ ತಲುಪುವ ದಾರಿಯಲ್ಲಿ ಪ್ರೋಟೀನುಗಳ ಪಾತ್ರವೂ ಇರಬಹುದು.

ಈ ಪ್ರಶ್ನೆ ಅಣುಸ್ಥಾವರಗಳ ಕಾರ್ಮಿಕರಿಗೆ ಮಾತ್ರ ಸೇರಿದ್ದಲ್ಲ. ಗ್ರಾನೈಟ್, ನೈಸ್ ಶಿಲೆಗಳಿಂದ ಯುರೇನಿಯಂ ಅಂತರ್ಜಲಕ್ಕೆ ಕರಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೇರಿದಂತೆ ಪೂರ್ವ ಕರ್ನಾಟಕದ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಯುರೇನಿಯಂ ಪ್ರಮಾಣ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಾದ ಲೀಟರಿಗೆ 30 ಮೈಕ್ರೋಗ್ರಾಂ ಮೀರಿರುವುದು ದಾಖಲಾಗಿದೆ. ಫ್ಲೋರೈಡಿನಿಂದ ಮೊದಲೇ ನೊಂದ ಪ್ರದೇಶಗಳಿವು. ಫಿನ್ಲೆಂಡಿನಲ್ಲಿ ಇಂಥದೇ ಶಿಲೆಗಳ ಕೊಳವೆಬಾವಿ ನೀರು ಕುಡಿಯುವವರ ಅಧ್ಯಯನದಲ್ಲಿ ಮೂತ್ರನಾಳಿಕೆಗಳ ಕೆಲಸದಲ್ಲಿ ಸಣ್ಣ ಬದಲಾವಣೆಗಳು ಕಂಡುಬಂದಿದ್ದರೂ ತೀವ್ರ ಮೂತ್ರಪಿಂಡ ರೋಗ ಕಾಣಲಿಲ್ಲ. ಆದರೆ ಬಿಸಿಲಿನಲ್ಲಿ ದುಡಿದು ಹೆಚ್ಚು ನೀರು ಕುಡಿಯುವ, ಪೌಷ್ಟಿಕತೆ ಕಡಿಮೆಯಿರುವ, ಫ್ಲೋರೈಡನ್ನೂ ಜೊತೆಗೆ ಸೇವಿಸುವ ಜನರಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಈ ಊರುಗಳಿಗೆ ಅವುಗಳದೇ ಆದ ದೀರ್ಘಕಾಲದ ಆರೋಗ್ಯ ಸಮೀಕ್ಷೆ ಬೇಕು.

ಅಯೋಡಿನ್, ಸೀಸಿಯಂ, ಟ್ರಿಟಿಯಂ

ಅಯೋಡಿನ್ ವಿಷಯದಲ್ಲಿ ಪ್ರೋಟೀನಿನ ಪಾತ್ರ ಅತ್ಯಂತ ನಿಚ್ಚಳ. ಥೈರಾಯ್ಡ್ ಕೋಶಗಳ ಪೊರೆಯಲ್ಲಿ ಸೋಡಿಯಂ ಜೊತೆಗೂಡಿಸಿ ಅಯೋಡೈಡನ್ನು ಒಳಗೆ ಎಳೆಯುವ ವಾಹಕ ಪ್ರೋಟೀನು ಇದೆ. ಅದರ ವಂಶವಾಹಿಯನ್ನು 1996ರಲ್ಲಿ ಗುರುತಿಸಲಾಯಿತು. ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಅಯೋಡಿನ್ ಗ್ರಂಥಿಯಲ್ಲಿ ಶೇಖರವಾಗುವುದು ಅದರಿಂದಲೇ. ಎಂಟು ದಿನದ ಅರ್ಧಾಯುಷ್ಯದ ವಿಕಿರಣಶೀಲ ಅಯೋಡಿನ್-131ಕ್ಕೂ ಸಾಮಾನ್ಯ ಅಯೋಡಿನ್‌ಗೂ ಈ ಪ್ರೋಟೀನು ಭೇದವೆಣಿಸದು. 1986ರ ಚೆರ್ನೋಬಿಲ್ ದುರಂತದಲ್ಲಿ ಕಲುಷಿತ ಹಾಲು ಕುಡಿದ ಬೆಲಾರೂಸ್, ಉಕ್ರೇನ್, ರಷ್ಯಾದ ಮಕ್ಕಳಲ್ಲಿ ಮುಂದಿನ ವರ್ಷಗಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಏರಿತು. ದುರಂತದ ವೇಳೆ 18 ವರ್ಷದೊಳಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಪ್ರಕರಣ ದಾಖಲಾಗಿದ್ದವು. ಮುಂಚಿತವಾಗಿ ಪೊಟ್ಯಾಸಿಯಂ ಅಯೋಡೈಡ್ ಕೊಟ್ಟರೆ ಗ್ರಂಥಿ ಸಾಮಾನ್ಯ ಅಯೋಡಿನ್‌ನಿಂದ ತುಂಬಿಹೋಗಿ ವಿಕಿರಣಶೀಲ ಅಯೋಡಿನ್‌ಗೆ ಎಡೆ ಉಳಿಯದು. ಪೋಲೆಂಡ್ ಆಗ ಸುಮಾರು ಒಂದು ಕೋಟಿ ಮಕ್ಕಳಿಗೆ ಇದನ್ನು ಕೆಲವೇ ದಿನಗಳಲ್ಲಿ ತಲುಪಿಸಿತು.

ಸೀಸಿಯಂ-137 ಪೊಟ್ಯಾಸಿಯಂ ವೇಷದಲ್ಲಿ ಕೋಶ ಸೇರುತ್ತದೆ. ಪೊಟ್ಯಾಸಿಯಂ ಒಳತಳ್ಳುವ ಪಂಪ್ ಪ್ರೋಟೀನು ಅದನ್ನೂ ಒಳತಳ್ಳುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ, ಪಾಳುಬಿದ್ದ ಚಿಕಿತ್ಸಾಲಯವೊಂದರ ವಿಕಿರಣ ಯಂತ್ರದಿಂದ ಹೊರಬಿದ್ದ ಸೀಸಿಯಂ ಪುಡಿಯ ಹೊಳಪಿಗೆ ಮರುಳಾಗಿ ಜನ ಅದನ್ನು ಹಂಚಿಕೊಂಡರು. 249 ಮಂದಿ ಕಲುಷಿತರಾದರು, ನಾಲ್ವರು ಸತ್ತರು. ಪ್ರಷ್ಯನ್ ಬ್ಲೂ ಎಂಬ ಹಳೆಯ ವರ್ಣದ್ರವ್ಯವನ್ನು 46 ಮಂದಿಗೆ ಔಷಧವಾಗಿ ಕೊಡಲಾಯಿತು. ಅದು ಕರುಳಿನಲ್ಲಿ ಸೀಸಿಯಂ ಹಿಡಿದು ಮಲದಲ್ಲಿ ಹೊರಹಾಕುತ್ತದೆ. ದೇಹದಲ್ಲಿ ಸೀಸಿಯಂ ಅರ್ಧಕ್ಕಿಳಿಯುವ ಕಾಲವನ್ನು ಸುಮಾರು 110 ದಿನದಿಂದ 30 ದಿನದ ಆಸುಪಾಸಿಗೆ ಇಳಿಸುತ್ತದೆ.

ಹಿಡಿದಿಟ್ಟುಕೊಳ್ಳುವ ಪ್ರೋಟೀನು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಟ್ರಿಟಿಯಂ ಉದಾಹರಣೆ. ಇದು ಜಲಜನಕದ ವಿಕಿರಣಶೀಲ ರೂಪ, ದೇಹದಲ್ಲಿ ಬಹುಪಾಲು ನೀರಿನಂತೆಯೇ ವರ್ತಿಸುತ್ತದೆ. 2009ರ ನವೆಂಬರಿನಲ್ಲಿ ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಸೇರಿ 50ಕ್ಕೂ ಹೆಚ್ಚು ಸಿಬ್ಬಂದಿಯ ದೇಹ ಹೊಕ್ಕಿತು. ಹೆಚ್ಚು ನೀರು, ಪಾನೀಯ ಕುಡಿಸಿ ಮೂತ್ರದ ಮೂಲಕ ಅದನ್ನು ಹೊರಹಾಕುವುದೇ ಇದರ ಚಿಕಿತ್ಸೆ. ಟ್ರಿಟಿಯಂನ ಅರ್ಧಾಯುಷ್ಯ 12 ವರ್ಷ ದಾಟಿದರೂ ದೇಹದಲ್ಲಿ ಅದು ಸುಮಾರು ಹತ್ತು ದಿನಕ್ಕೆ ಅರ್ಧವಾಗುತ್ತದೆ. ಜೈವಿಕ ಅಣುಗಳಲ್ಲಿ ಬೆಸೆದುಕೊಂಡ ಸಣ್ಣ ಪಾಲು ಮಾತ್ರ ಹೆಚ್ಚು ಕಾಲ ಉಳಿಯುತ್ತದೆ.

ನಂಜಿನ ಪ್ರೋಟೀನುಗಳಿಂದ ಕಲಿತದ್ದು

ಹಾವು, ಚೇಳುಗಳ ನಂಜಿನ ಸಂಶೋಧನೆಗೂ ಪರಮಾಣು ವಿಷವಿಜ್ಞಾನಕ್ಕೂ ಮೇಲ್ನೋಟಕ್ಕೆ ನಂಟಿಲ್ಲ. ಆದರೆ ಒಂದು ಅಣು ಇನ್ನೊಂದನ್ನು ಹೇಗೆ ಗುರುತಿಸಿ ಹಿಡಿಯುತ್ತದೆ ಎಂಬುದೇ ಎರಡರ ಮೂಲ ಪ್ರಶ್ನೆ. ನಾಗರಹಾವಿನ ನಂಜಿನಲ್ಲಿರುವ ನರವಿಷಗಳು 60ರಿಂದ 75 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನುಗಳು. ಇವು ಸ್ನಾಯುವಿನ ಅಸಿಟೈಲ್‌ಕೋಲಿನ್ ಗ್ರಾಹಕಕ್ಕೆ ಅಂಟಿ, ನರದ ಸಂದೇಶ ತಲುಪದಂತೆ ತಡೆದು, ಉಸಿರಾಟ ನಿಲ್ಲಿಸುತ್ತವೆ. ಕಟ್ಟುಹಾವಿನ ಕುಲದ ಹಾವಿನಿಂದ 1963ರಲ್ಲಿ ತೈವಾನಿನಲ್ಲಿ ಬೇರ್ಪಡಿಸಿದ ಆಲ್ಫಾ-ಬಂಗಾರೋಟಾಕ್ಸಿನ್ ಆ ಗ್ರಾಹಕವನ್ನು ಮೊದಲ ಬಾರಿಗೆ ಹಿಡಿದು ಹೊರತೆಗೆಯಲು ಸಾಧನವಾಯಿತು. ಪ್ಯಾರಿಸ್ ಬಳಿಯ ಸಾಕ್ಲೇಯ ಪರಮಾಣು ಕೇಂದ್ರದಲ್ಲಿ ಆಂದ್ರೆ ಮೆನೆಜ್ ಮತ್ತು ಸಂಗಡಿಗರು ನಾಗರಹಾವಿನ ವಿಷಕ್ಕೆ ಟ್ರಿಟಿಯಂ ಗುರುತು ಹಚ್ಚಿ, ಅದು ಎಲ್ಲಿ ಎಷ್ಟು ಬಿಗಿಯಾಗಿ ಅಂಟುತ್ತದೆಂದು ಅಳೆದರು. ಪರಮಾಣು ಸಂಸ್ಥೆಯೊಂದು ನಂಜಿನ ಅಧ್ಯಯನದ ನೆಲೆಯಾದದ್ದು ಹೀಗೆ.

ಅಲ್ಲಿಂದಲೇ ಇನ್ನೊಂದು ಕವಲು ಒಡೆಯಿತು. ಚೇಳಿನ ನಂಜಿನ ಕ್ಯಾರಿಬ್ಡೋಟಾಕ್ಸಿನ್‌ನಲ್ಲಿ ಕೇವಲ 37 ಅಮೈನೋ ಆಮ್ಲಗಳಿದ್ದು ಮೂರು ಗಂಧಕದ ಸೇತುವೆಗಳು ಅದರ ಆಕಾರವನ್ನು ಗಟ್ಟಿಯಾಗಿ ಹಿಡಿದಿವೆ. ಸಾಕ್ಲೇಯ ಕ್ಲಾಡಿಯೋ ವೀಟಾ ಅವರ ತಂಡ 1995ರಲ್ಲಿ ಈ ಚೌಕಟ್ಟಿಗೆ ಒಂದು ಕಿಣ್ವದ ಲೋಹಬಂಧಕ ತಾಣವನ್ನು ಕಸಿ ಮಾಡಿತು. ವಿಷದ ಚೌಕಟ್ಟು ಲೋಹ ಹಿಡಿಯುವ ಅಣುವಾಯಿತು. ಮುಂದೆ ಅದೇ ತಂಡ ಕೋಶಗಳಲ್ಲಿ ಕ್ಯಾಲ್ಸಿಯಂ ಹಿಡಿಯುವ ಕ್ಯಾಲ್ಮೊಡುಲಿನ್ ಪ್ರೋಟೀನಿನ ತುಣುಕನ್ನು ಮಾರ್ಪಡಿಸಿ, ಕ್ಯಾಲ್ಸಿಯಂ ಬಿಟ್ಟು ಯುರೇನೈಲ್ ಹಿಡಿಯುವ ಪೆಪ್ಟೈಡನ್ನು 2006ರಲ್ಲಿ ವಿವರಿಸಿತು. ಆ ತಾಣಕ್ಕೆ ಫಾಸ್ಫೇಟ್ ಸೇರಿಸಿದರೆ ಹಿಡಿತ ಹಲವು ಪಟ್ಟು ಬಿಗಿಯಾಗುತ್ತದೆಂದು ನಂತರದ ಪ್ರಯೋಗಗಳು ತೋರಿಸಿದವು. ಫಾಸ್ಫೇಟ್ ತುಂಬಿದ ಆಸ್ಟಿಯೋಪಾಂಟಿನ್ ಯುರೇನಿಯಂಗೆ ಒಲಿಯುವುದೇಕೆ ಎಂಬುದಕ್ಕೂ ಇದು ಉತ್ತರ ಒದಗಿಸುತ್ತದೆ.

ಹಿಡಿದು ಹೊರಹಾಕುವ ಔಷಧಗಳು

ಪ್ರೋಟೀನು ಲೋಹವನ್ನು ಹಿಡಿದಿದ್ದರೆ, ಅದನ್ನು ಬಿಡಿಸಲು ಇನ್ನೂ ಬಿಗಿಯಾಗಿ ಹಿಡಿಯುವ ಅಣು ಬೇಕು. ಏಡಿ ಕೊಂಡಿಗಳಿಂದ ಹಿಡಿದಂತೆ ಲೋಹವನ್ನು ಹಲವು ಕಡೆಯಿಂದ ಸುತ್ತುವರಿದು ಹಿಡಿಯುವ ಇಂಥ ಔಷಧಗಳಲ್ಲಿ ಡಿಟಿಪಿಎ ಪ್ರಮುಖ. ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ 1976ರಲ್ಲಿ ಸ್ಫೋಟವೊಂದು ನಡೆದು 64 ವರ್ಷದ ಕಾರ್ಮಿಕನ ಮುಖ, ಮೈಯೊಳಗೆ ಅಮೆರಿಸಿಯಂ-241 ಭಾರೀ ಪ್ರಮಾಣದಲ್ಲಿ ಸೇರಿತು. ದೀರ್ಘಕಾಲ ಡಿಟಿಪಿಎ ಪಡೆದ ಆತ ಹನ್ನೊಂದು ವರ್ಷ ಬದುಕಿದ. ಸಾವು ಬಂದದ್ದು ಹೃದಯದ ಕಾಯಿಲೆಯಿಂದ. ಅಮೆರಿಕದ ಔಷಧ ಆಡಳಿತ 2004ರಲ್ಲಿ ಡಿಟಿಪಿಎಯ ಕ್ಯಾಲ್ಸಿಯಂ ಮತ್ತು ಸತುವಿನ ಲವಣಗಳಿಗೆ ಅನುಮತಿ ಕೊಟ್ಟಿತು. ಪ್ಲುಟೋನಿಯಂ, ಅಮೆರಿಸಿಯಂ, ಕ್ಯೂರಿಯಂಗಳಿಗೆ ಇದು ಉಪಯುಕ್ತ, ಯುರೇನಿಯಂಗೆ ಅಲ್ಲ. ರಕ್ತದಲ್ಲಿರುವ ಲೋಹವನ್ನು ಹಿಡಿಯುತ್ತದೆಯೇ ಹೊರತು ಮೂಳೆಯಲ್ಲಿ ನೆಲೆಸಿದ್ದನ್ನು ಅಷ್ಟಾಗಿ ಬಿಡಿಸಲಾರದು. ಆದಷ್ಟು ಬೇಗ ಕೊಡಬೇಕೆನ್ನುವುದು ಅದಕ್ಕೇ.

ಬರ್ಕ್ಲಿಯ ಕೆನೆತ್ ರೇಮಂಡ್ ಮತ್ತು ಪೆಟ್ರೀಷಿಯಾ ಡರ್ಬಿನ್ ಬೇರೊಂದು ದಾರಿ ಹಿಡಿದರು. ಕಬ್ಬಿಣ ಕಡಿಮೆಯಾದಾಗ ಬ್ಯಾಕ್ಟೀರಿಯಾಗಳು ಸೈಡರೋಫೋರ್ ಎಂಬ ಅಣುಗಳನ್ನು ಹೊರಸೂಸಿ ಕಬ್ಬಿಣ ಹಿಡಿದು ತರುತ್ತವೆ. ಪ್ಲುಟೋನಿಯಂ ಕಬ್ಬಿಣವನ್ನು ಹೋಲುವುದಾದರೆ, ಆ ಅಣುಗಳ ಮಾದರಿಯಲ್ಲಿ ಪ್ಲುಟೋನಿಯಂಗೆಂದೇ ಅಣು ಕಟ್ಟಬಹುದು ಎಂಬುದು ಅವರ ತರ್ಕ. ದಶಕಗಳ ಈ ಕೆಲಸದಿಂದ ಎಂಟು ಆಮ್ಲಜನಕಗಳಿಂದ ಲೋಹ ಹಿಡಿಯುವ, ಬಾಯಿಯ ಮೂಲಕ ಕೊಡಬಹುದಾದ ಹೋಪೊ ವರ್ಗದ ಔಷಧ ರೂಪುಗೊಂಡಿತು. ಮನುಷ್ಯರಲ್ಲಿ ಇದರ ಮೊದಲ ಹಂತದ ಪರೀಕ್ಷೆ 2023ರಲ್ಲಿ ಆರಂಭವಾಯಿತು.

ಲೋಹ ಹಿಡಿಯುವ ಹೊಸ ಪ್ರೋಟೀನುಗಳು

ಈ ತಿಳಿವಳಿಕೆ ಔಷಧದಾಚೆಗೂ ಚಾಚಿದೆ. 2014ರಲ್ಲಿ ಚೀನಾ ಮತ್ತು ಅಮೆರಿಕದ ಸಂಶೋಧಕರು ಗೊತ್ತಿರುವ ಸಾವಿರಾರು ಪ್ರೋಟೀನು ರಚನೆಗಳನ್ನು ಕಂಪ್ಯೂಟರಿನಲ್ಲಿ ಜಾಲಾಡಿ, ಒಂದನ್ನು ಆರಿಸಿ ತಿದ್ದಿ, ಯುರೇನೈಲನ್ನು ಇತರ ಲೋಹಗಳಿಗಿಂತ ಹತ್ತು ಸಾವಿರ ಪಟ್ಟು ಹೆಚ್ಚು ಆಯ್ಕೆಯಿಂದ ಹಿಡಿಯುವ ಪ್ರೋಟೀನು ರೂಪಿಸಿದರು. ಲೀಟರಿಗೆ ಸುಮಾರು 3 ಮೈಕ್ರೋಗ್ರಾಂ ಯುರೇನಿಯಂ ಇರುವ ಸಮುದ್ರದ ನೀರಿನಿಂದಲೂ ಅದನ್ನು ಬೇರ್ಪಡಿಸುವ ಸಾಧ್ಯತೆ ಇದರಿಂದ ಕಂಡಿತು. 2018ರಲ್ಲಿ ಬ್ಯಾಕ್ಟೀರಿಯಾವೊಂದರಲ್ಲಿ ಪತ್ತೆಯಾದ ಲ್ಯಾನ್ಮೊಡುಲಿನ್ ವಿರಳ ಭೂಧಾತುಗಳನ್ನು ಹಿಡಿಯುವ ಸಹಜ ಪ್ರೋಟೀನು. ಅದು ಅಮೆರಿಸಿಯಂ, ಕ್ಯೂರಿಯಂಗಳನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆಂದು ಬಳಿಕ ತಿಳಿಯಿತು. ಭಾಭಾ ಕೇಂದ್ರದ ವಿಜ್ಞಾನಿಗಳು 2006ರಲ್ಲಿ, ತೀವ್ರ ವಿಕಿರಣವನ್ನು ತಾಳಿಕೊಳ್ಳುವ ಡೈನೋಕಾಕಸ್ ಬ್ಯಾಕ್ಟೀರಿಯಾಕ್ಕೆ ಫಾಸ್ಫೇಟ್ ಬಿಡಿಸುವ ಕಿಣ್ವದ ವಂಶವಾಹಿ ಸೇರಿಸಿ, ಪರಮಾಣು ತ್ಯಾಜ್ಯದಂಥ ತಿಳಿ ದ್ರಾವಣದಿಂದ ಯುರೇನಿಯಂ ಗಸಿಯಾಗಿ ಕೆಳಗಿಳಿಯುವಂತೆ ಮಾಡಿದರು.

ಉಳಿದ ಪ್ರಶ್ನೆಗಳು

ಸಿಂಕ್ರೊಟ್ರಾನ್ ಎಕ್ಸ್‌ಕಿರಣಗಳು, ಯುರೇನೈಲ್‌ನ ಸಹಜ ಹೊಳಪನ್ನು ಅಳೆಯುವ ಲೇಸರ್ ವಿಧಾನಗಳು, ದ್ರವ್ಯರಾಶಿ ರೋಹಿತಮಾಪಕಗಳು ಈ ಕ್ಷೇತ್ರದ ಕಣ್ಣುಗಳಾಗಿವೆ. ಆದರೂ ಪರೀಕ್ಷಾನಾಳದ ಫಲಿತಾಂಶವನ್ನು ಜೀವಂತ ದೇಹಕ್ಕೆ ಹೊಂದಿಸುವುದು ಕಷ್ಟ. ಶುದ್ಧ ಪ್ರೋಟೀನು ಒಂದು ಲೋಹವನ್ನು ಬಿಗಿಯಾಗಿ ಹಿಡಿದರೆ, ಸಾವಿರಾರು ಪ್ರೋಟೀನುಗಳು ಪೈಪೋಟಿ ನಡೆಸುವ ರಕ್ತದಲ್ಲಿಯೂ ಅದೇ ಆಗುತ್ತದೆ ಎನ್ನಲಾಗದು. ಪ್ರಯೋಗಗಳು ಹೆಚ್ಚಾಗಿ ಒಮ್ಮೆಗೇ ದೊಡ್ಡ ಪ್ರಮಾಣ ಕೊಟ್ಟು ನಡೆದವು. ಜನ ಎದುರಿಸುವುದು ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಸೇರುವ ವಿಷವನ್ನು. ಹಲವು ಲೋಹಗಳು ಒಟ್ಟಿಗೆ ಸೇರಿದಾಗಿನ ಪರಿಣಾಮ, ಗರ್ಭಿಣಿಯರು ಮತ್ತು ಮಕ್ಕಳಲ್ಲಿನ ವ್ಯತ್ಯಾಸ, ರಕ್ತಹೀನತೆಯಿಂದ ಟ್ರಾನ್ಸ್‌ಫೆರಿನ್‌ನ ಖಾಲಿ ತಾಣಗಳು ಹೆಚ್ಚಿರುವವರಲ್ಲಿ ಲೋಹಗಳ ಗತಿ ಇವು ಇನ್ನೂ ಆಳವಾದ ಅಧ್ಯಯನ ಬೇಡುತ್ತವೆ. ಕಬ್ಬಿಣದ ಕೊರತೆ ವ್ಯಾಪಕವಾಗಿರುವ ಭಾರತದಂಥ ದೇಶದಲ್ಲಿ ಕೊನೆಯ ಪ್ರಶ್ನೆಗೆ ವಿಶೇಷ ತೂಕವಿದೆ. ವಿಕಿರಣವನ್ನು ಅಳೆಯುವ ಉಪಕರಣ ಎಷ್ಟೇ ಸೂಕ್ಷ್ಮವಾದರೂ ಅದು ಹೇಳುವುದು ವಿಷ ಎಷ್ಟಿದೆ ಎಂಬುದನ್ನು. ಆ ವಿಷ ಯಾರಲ್ಲಿ, ಯಾವ ಅಂಗದಲ್ಲಿ, ಯಾವ ಅಣುವಿನ ಮೂಲಕ ಹಾನಿಯಾಗಿ ಪರಿಣಮಿಸುತ್ತದೆ ಮತ್ತು ಅದನ್ನು ಹೇಗೆ ತಡೆಯಬಹುದು ಎಂಬುದನ್ನು ಪ್ರೋಟೀನುಗಳ ಅಧ್ಯಯನದಿಂದಲೇ ತಿಳಿಯಬೇಕು.